ಮೂರು ಸಾಲಿನ ಹಾಜರಿ

ನಾನು ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಚೆಕರ್. ಹತ್ತೊಂಬತ್ತು ವರ್ಷದಿಂದ ಅಂಗಿಗಳ ಕಾಲರು, ತೋಳು, ಅಂಚು ನೋಡಿ ತಪ್ಪು ಹುಡುಕುವುದೇ ನನ್ನ ಕೆಲಸ. ಲೈನಿನ ಹುಡುಗಿಯರು ಬೆನ್ನ ಹಿಂದೆ ‘ಸ್ಕ್ಯಾನಿಂಗ್ ದ್ರೌಪದಮ್ಮ’ ಅನ್ನುತ್ತಾರೆ. ಅನ್ನಲಿ. ಬಟ್ಟೆಯಲ್ಲಿ ತಪ್ಪು ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ, ಮನುಷ್ಯರಲ್ಲಿ ಕಂಡರಂತೂ ಕೇಳಲೇಬೇಡಿ.

ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆಯವರಿಗೆಂದು ಫೋನಿನಲ್ಲೇ ಒಂದು ವಾಕಿಂಗ್ ಶಿಬಿರ ನಡೆಯಿತು. ನೂರೆಂಬತ್ತು ಜನ ಸೇರಿದ್ದರು. ಮುಗಿದ ಮೇಲೆ ಎಲ್ಲರೂ ಗ್ರೂಪು ಬಿಟ್ಟು ಹೋದರು, ಮೂವರು ಮಾತ್ರ ಉಳಿದೆವು: ಟಿ. ದಾಸರಹಳ್ಳಿಯ ನಾನು, ಮಾಕಳಿಯ ಆವಲಪ್ಪನವರು, ಆರ್.ಟಿ. ನಗರದ ಅಕ್ಬರಿ ಆಪಾ. ಆವಲಪ್ಪನವರು ಬಸ್ ಕಂಡಕ್ಟರಾಗಿ ರಿಟೈರಾದವರು. ಈಗ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಕರೆತರುವುದೇ ಅವರ ಡ್ಯೂಟಿ. ಅಕ್ಬರಿ ಆಪಾ ಮದುವೆ ಬಟ್ಟೆಗಳಿಗೆ ಜರಿ ಕಸೂತಿ ಹಾಕುವವರು, ಮೂವತ್ತು ವರ್ಷದ ಕೈ. ನಾವು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಫೋಟೋ ಇರಬೇಕಾದ ಜಾಗದಲ್ಲಿ ಆಪಾದು ಗುಲಾಬಿ ಹೂ, ಆವಲಪ್ಪನವರದು ಹಳೇ ಬಸ್ಸು, ನನ್ನದು ಮನೆದೇವರು.

ನಮ್ಮದೊಂದು ಪದ್ಧತಿ. ಬೆಳಗ್ಗೆ ಏಳೂವರೆಯೊಳಗೆ ಹಾಜರಿ ಹಾಕಬೇಕು, ಮೂರೇ ಸಾಲು. ಮೊದಲನೆಯದು ಕೆಲಸ, ಎರಡನೆಯದು ಮೈ, ಮೂರನೆಯದು ಮನೆ. ಮೈ ಅಂದರೆ ಬರಿಹೊಟ್ಟೆಯಲ್ಲಿ ಬೆರಳು ಚುಚ್ಚಿ ನೋಡಿದ ಶುಗರ್ ನಂಬರು. ಚೆನ್ನಾಗಿ ಬಂದವರಿಗೆ ಉಳಿದಿಬ್ಬರು ಸಿಹಿ ಕಳಿಸಬೇಕು, ಫೋಟೋದಲ್ಲಿ. ನಾನು ಜಿಲೇಬಿ, ಜಾಮೂನು, ಬಾದಾಮಿ ಹಲ್ವಾ ಎಂದು ದಿನಕ್ಕೊಂದು ಹುಡುಕಿ ಕಳಿಸುತ್ತೇನೆ. ಆವಲಪ್ಪನವರು ಮಾತ್ರ ಎರಡು ವರ್ಷದಿಂದ ಅದೇ ಒಂದು ಮೈಸೂರು ಪಾಕು. ಹಳಸಿ ಹೋಗಿದೆ ಬದಲಾಯಿಸಿ ಅಂದರೂ ಕೇಳುವ ಪೈಕಿ ಅಲ್ಲ.

ಆ ಮಂಗಳವಾರ ಅಕ್ಬರಿ ಆಪಾಗೆ ಕಣ್ಣಿನ ಪೊರೆ ತೆಗೆಯುವ ಆಪರೇಷನ್ನು. ಮೂರು ತಿಂಗಳಲ್ಲಿ ಮಗಳು ರುಮಾನಾಳ ಮದುವೆ. ಯಾರ‍್ಯಾರದೋ ಮಕ್ಕಳ ಮದುವೆಗೆ ಜರಿ ಹಾಕಿದವರು, ಸ್ವಂತ ಮಗಳ ದುಪಟ್ಟಾಕ್ಕೆ ಸೂಜಿಯ ಕಣ್ಣು ಕಾಣದೆ ಕೂತಿದ್ದರು. ಎರಡು ಸಲ ಆಸ್ಪತ್ರೆಯವರು ಕಣ್ಣಿಗೆ ಹನಿ ಬಿಟ್ಟು ಕೂರಿಸಿ, ಆಮೇಲೆ ಶುಗರ್ ಜಾಸ್ತಿ ಎಂದು ಎಲ್ಲರೆದುರು ಎಬ್ಬಿಸಿ ಕಳಿಸಿದ್ದರು. ಈ ಸಲವೂ ತಪ್ಪಿದರೆ ಮುಂದಿನ ಸರದಿ ಎರಡು ತಿಂಗಳ ಮೇಲೆ. ಅದಾಗಿ ಒಂದು ತಿಂಗಳು ಸೂಜಿ ಮುಟ್ಟುವಂತಿಲ್ಲ. ಅಷ್ಟರಲ್ಲಿ ಹುಡುಗಿ ಯಾರೋ ಹೊಲಿದ ದುಪಟ್ಟಾ ಹೊದ್ದು ಗಂಡನ ಮನೆಗೆ ಹೋಗಿರುತ್ತಾಳೆ.

ಆರು ವಾರ ನಾವಿಬ್ಬರೂ ಆಪಾ ಬೆನ್ನು ಬಿಡಲಿಲ್ಲ. ಅನ್ನ ಕಡಿಮೆ, ನಡಿಗೆ ಜಾಸ್ತಿ, ಮಾತ್ರೆ ಹೊತ್ತಿಗೆ ಸರಿಯಾಗಿ. ಭಾನುವಾರ ನೂರ ಮೂವತ್ತೊಂದು ಬಂತು, ಸೋಮವಾರ ನೂರ ಇಪ್ಪತ್ತಾರು. ನನಗೆ ನಿದ್ದೆಯೇ ಸರಿಯಾಗಿ ಹತ್ತಲಿಲ್ಲ. ಎಸೆಸೆಲ್ಸಿ ರಿಸಲ್ಟಿಗೆ ಕಾದವಳ ಹಾಗೆ ಬೆಳಗ್ಗೆ ಆರಕ್ಕೇ ಫೋನು ಹಿಡಿದು ಕೂತೆ. ಏಳು ಹತ್ತಕ್ಕೆ ಬಂತು ಹಾಜರಿ.

“ಕೆಲಸ: ರಜಾ, ಆಪರೇಷನ್.
ಮೈ: 286.
ಮನೆ: ಬೀಗರು ಒಂದು ಬುಟ್ಟಿ ಮಾವು ಕಳ್ಸಿದಾರೆ. ನಮಾಜ್ ಆದ್ಮೇಲೆ ಕೂತು ಎಲ್ಲಾ ಹೆಚ್ಚಿಟ್ಟೆ. ಖುದಾ ಕಸಂ, ನಾಲಿಗೆಗೆ ಮುಟ್ಟಿಸಿಲ್ಲ.”

ಕೆಳಗೆ ಇನ್ನೊಂದು. “ನಾನು ಆಸ್ಪತ್ರೆಗೆ ಹೋಗಲ್ಲ. ಮೂರನೇ ಸಲ ನಾಚಿಕೆ ಬೇಡ. ಇದ್ದ ಒಂದು ಸ್ಟ್ರಿಪ್ಪೂ ಮುಗೀತು, ಮತ್ತೆ ಚುಚ್ಚಿ ನೋಡೋಕೂ ಇಲ್ಲ.”

ಇನ್ನೂರ ಎಂಬತ್ತಾರು! ನನ್ನ ಬಾಯಿ ಮೊದಲು ಓಡುತ್ತದೆ, ಬುದ್ಧಿ ಆಮೇಲೆ. ಮೈಕು ಒತ್ತಿ ಹಿಡಿದು ಕಿರುಚಿದೆ: “ಆಪಾ, ಏನ್ ತಿಂದ್ರಿ ರಾತ್ರಿ? ನಿಜ ಹೇಳ್ರೀ! ಆರು ವಾರ ನಾಯಿ ಥರ ಕಾದಿದೀವಿ ಇಲ್ಲಿ. ಮಗಳ ದುಪಟ್ಟಾಗಿಂತ ನಾಲಿಗೆ ಹೆಚ್ಚಾಯ್ತಾ ನಿಮ್ಗೆ?” ಆಪಾ ಅದನ್ನು ಕೇಳಿಸಿಕೊಂಡಿದ್ದು ನನ್ನ ಫೋನಿನಲ್ಲಿ ಕಾಣಿಸಿತು. ಆಮೇಲೆ ಅವರ ಫೋನು ಸ್ವಿಚ್ ಆಫ್.

ಸಿಟ್ಟಿನಲ್ಲೇ ತಲೆಗೆ ಎಣ್ಣೆ ಹಚ್ಚಿಕೊಂಡು ಜಡೆ ಹಾಕುತ್ತಾ ಆ ಮೂರು ಸಾಲು ಮತ್ತೆ ಓದಿದೆ. ಮೂರನೇ ಸಾಲಿಗೆ ಬಂದಾಗ ಕೈ ನಿಂತಿತು. ಮಾವು ಹೆಚ್ಚಿದ ಕೈ. ರಸ ಅಂಟಿದ ಬೆರಳು. ಅದೇ ಬೆರಳನ್ನು ಚುಚ್ಚಿದರೆ ಮಿಷನ್ನು ರಕ್ತದ ಶುಗರ್ ಹೇಳುತ್ತದೋ ಮಾವಿನ ಹಣ್ಣಿನದು ಹೇಳುತ್ತದೋ!

ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿರಲಿಲ್ಲ, ಅದೇ ನಾಚಿಕೆಗೇಡು. ಹೋದ ಸಂಕ್ರಾಂತಿಗೆ ಎಳ್ಳು ಬೀರಲು ಬೆಲ್ಲ ಹೆಚ್ಚಿದ ಕೈಯಲ್ಲೇ ಚುಚ್ಚಿಕೊಂಡು, ಮುನ್ನೂರ ಹನ್ನೆರಡು ನೋಡಿ, ಸತ್ತೇ ಹೋದೆ ಎಂದು ಅಳುತ್ತಾ ಬೀದಿಯ ಕೊನೆಯ ಕ್ಲಿನಿಕ್ಕಿಗೆ ಓಡಿದ್ದೆ. ಡಾಕ್ಟರಮ್ಮ ಸೋಪು ಕೊಟ್ಟು ಕೈ ತೊಳೆಸಿ ಮತ್ತೆ ನೋಡಿದರೆ ನೂರ ಹತ್ತೊಂಬತ್ತು. ಅವತ್ತಿನ ಹಾಜರಿಯಲ್ಲಿ ಬರೀ ನೂರ ಹತ್ತೊಂಬತ್ತು ಎಂದು ಬರೆದು ಜಂಬವಾಗಿ ಸಿಹಿ ಫೋಟೋ ತೆಗೆದುಕೊಂಡೆ. ಊರಿನ ತಪ್ಪೆಲ್ಲ ಹುಡುಕುವ ಚೆಕರ್ ತನ್ನ ಪೆದ್ದುತನ ಹೇಳಿಕೊಳ್ಳುವುದುಂಟೇ? ಅಂದು ಒಂದು ಸಾಲು ಹೇಳಿದ್ದರೆ ಇಂದು ಆಪಾ ಕೈ ತೊಳೆದಿರುತ್ತಿದ್ದರು.

ಆವಲಪ್ಪನವರಿಗೆ ಫೋನು ಹಚ್ಚಿದೆ. ವಿಷಯ ಹೇಳಿದೆ. “ಅಯ್ಯೋ, ಇಂಗಾಗೋಯ್ತಾ! ಮನೆ ಎಲ್ಲಿ ಅಂತ ಗೊತ್ತೇನಮ್ಮಾ?” ಎಂದರು.

“ಗೊತ್ತಿಲ್ಲ. ಆಸ್ಪತ್ರೆಗೆ ಹತ್ತೂವರೆಗೆ ಇರ್ಬೇಕಂತೆ. ನಾನು ಹೊರಟೆ. ನೀವು ಆಪಾ ಬರ್ದಿದ್ನೆಲ್ಲಾ ಹಿಂದಿಂದ ಓದಿ. ಮನೆ ಗುರುತು ಏನಾದ್ರೂ ಸಿಗುತ್ತೆ.”

“ಓಗು ತಾಯಿ, ನಾನು ಓದ್ತೀನಿ. ಆರ್.ಟಿ. ನಗರದ ಸ್ಟಾಪೆಲ್ಲಾ ನಂಗೆ ಬಾಯಿಪಾಠ.”

ಫ್ಯಾಕ್ಟರಿಗೆ ರಜಾ ಹೇಳಿದೆ. ಹತ್ತೊಂಬತ್ತು ವರ್ಷದಲ್ಲಿ ಕಾರಣ ಹೇಳದೆ ಹಾಕಿದ ಮೊದಲ ರಜಾ, ಸೂಪರ್‌ವೈಸರ್ ಗಾಬರಿಯಾಗಿ “ಯಾರಾದ್ರೂ ಹೋಗ್ಬಿಟ್ರಾ ಮೇಡಂ?” ಎಂದ. ಶುಗರ್ ಮಿಷನ್ನು, ಹೊಸ ಸ್ಟ್ರಿಪ್ಪಿನ ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಮೆಟ್ರೋ ಹತ್ತಿದೆ. ಗೊರಗುಂಟೆಪಾಳ್ಯದಲ್ಲಿ ಕೆಳಗೆ ಲಾರಿ, ಬಸ್ಸುಗಳು ಗೂಟ ಹೊಡೆದಂತೆ ನಿಂತಿದ್ದವು. ಮೇಲಿಂದ ನೋಡಿ, ಸದ್ಯ ಬಸ್ಸು ಹತ್ತಲಿಲ್ಲ ಎಂದುಕೊಂಡೆ. ಯಶವಂತಪುರದಲ್ಲಿ ಇಳಿದು ಆಟೋ ಹಿಡಿದೆ. ಮೇಕ್ರಿ ಸರ್ಕಲ್ಲಿಗೆ ಬರುವಷ್ಟರಲ್ಲಿ ಆವಲಪ್ಪನವರ ಫೋನು.

“ಅಮ್ಮಾ, ಸಿಕ್ತು! ಓದ್ ವರ್ಷ ಆಗಸ್ಟ್‌ನಾಗೆ ಬರ್ದವ್ರೆ, ಕೆಳಗಡೆ ಇಟ್ಟಿನ ಗಿರಣಿ ಸುರುವಾದ್ರೆ ನಮ್ಮನೆ ಟೀ ಲೋಟ ಅಲ್ಲಾಡ್ತದೆ ಅಂತ. ಅಂಗಂದ್ರೆ ಗಿರಣಿ ಮೇಲ್ಗಡೆ ಮನೆ. ನಂಗೆ ತಿಳಿದಂಗೆ ಅಲ್ಲಿ ಗಿರಣಿ ಎರಡೇ.”

ಮೊದಲನೆಯ ಗಿರಣಿಯ ಮೇಲೆ ಟ್ಯೂಷನ್ ಸೆಂಟರು. ಆಟೋದವನು “ಏನ್ ಮೇಡಂ, ಹಿಟ್ಟು ಬೀಸ್ಬೇಕಾ?” ಎಂದು ನಕ್ಕ. ಅವನಿಗೆ ಬೈಯಲೂ ಪುರುಸೊತ್ತಿರಲಿಲ್ಲ. ಆವಲಪ್ಪನವರು ಫೋನಿನಲ್ಲೇ ಕಂಡಕ್ಟರಿಕೆ ಶುರು ಮಾಡಿದರು: “ಬಲಕ್ಕೆ ತಿರುಗ್ಸು, ಮಸೀದಿ ದಾಟು, ಎರಡನೇ ಕ್ರಾಸು, ಓಲ್ಡಾನ್, ಓಲ್ಡಾನ್!” ಎರಡನೆಯ ಗಿರಣಿ ಗಡಗಡ ಎನ್ನುತ್ತಿತ್ತು. ಪಕ್ಕದಲ್ಲಿ ಮೆಟ್ಟಿಲು. ಗಂಟೆ ಒಂಬತ್ತು ಐದು. ಎರಡೆರಡು ಮೆಟ್ಟಿಲು ಹಾರಿ ಹತ್ತಿದೆ.

ಬಾಗಿಲು ತೆಗೆದ ಹುಡುಗಿಯ ಕಣ್ಣು ಅತ್ತು ಊದಿತ್ತು.

“ರುಮಾನಾನಾ? ನಾನು ದ್ರೌಪದಮ್ಮ ಕಣಮ್ಮಾ. ಹಾಜರಿ ದ್ರೌಪದಮ್ಮ. ಅಮ್ಮಿ ಎಲ್ಲಿ?”

“ಒಳಗಡೆ ಮಲ್ಗಿದಾರೆ ಆಂಟಿ. ನಾನೆಷ್ಟು ಹೇಳಿದ್ರೂ ಏಳ್ತಿಲ್ಲ” ಎಂದಳು.

ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಹೆಂಗಸು ತಟ್ಟನೆ ಎದ್ದು ಕೂತರು. ಸಣ್ಣ ಮೈಕಟ್ಟು, ಮೆಹೆಂದಿ ಹಚ್ಚಿದ ಕೂದಲು. ನನ್ನ ಕಡೆ ನೋಡಿದರು, ಆದರೆ ನೋಟ ನನ್ನ ಕಿವಿಯ ಪಕ್ಕಕ್ಕೆ ಹೋಯಿತು. “ಈ ಗಂಟಲು… ಬೈಯೋಕೆ ಮನೇವರ್ಗೂ ಬಂದ್ಬಿಟ್ರಾ ದ್ರೌಪದಮ್ಮ?” ಎಂದರು.

“ಬೈಸ್ಕೊಳ್ಳೋಕೆ ಬಂದಿದೀನಿ ಆಪಾ. ಮೊದ್ಲು ಏಳಿ, ಸೋಪ್ ಹಾಕಿ ಕೈ ತೊಳೀರಿ.”

ಬಚ್ಚಲಿನ ನಲ್ಲಿಯ ಕೆಳಗೆ ಅವರ ಕೈ ಹಿಡಿದು ನಾನೇ ತೊಳೆದೆ, ಉಗುರಿನ ಸಂದಿಯವರೆಗೆ. ಮೂವತ್ತು ವರ್ಷ ಸೂಜಿ ಹಿಡಿದ ಬೆರಳುಗಳು. ತುದಿಗಳು ಹುಣಸೆ ಬೀಜದಷ್ಟು ಗಟ್ಟಿ. ಇನ್ನೂ ಮಾವಿನ ವಾಸನೆ ಇತ್ತು. ತೊಳೆಯುತ್ತಲೇ ಸಂಕ್ರಾಂತಿಯ ಬೆಲ್ಲ, ಮುನ್ನೂರ ಹನ್ನೆರಡು, ನಾನು ಮುಚ್ಚಿಟ್ಟಿದ್ದು, ಎಲ್ಲ ಹೇಳಿಬಿಟ್ಟೆ. “ನಂದೇ ತಪ್ಪು ಆಪಾ. ಹಾಜರಿಲಿ ಸುಳ್ಳು ಬರೀಲಿಲ್ಲ, ಆದ್ರೆ ನಿಜಾನೂ ಬರೀಲಿಲ್ಲ. ಬೆಳಗ್ಗೆ ಅಷ್ಟು ಮಾತಾಡ್ಬಾರ್ದಿತ್ತು.”

ಆಪಾ ಒದ್ದೆ ಕೈಯಿಂದ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಟವೆಲಿನಲ್ಲಿ ಒರೆಸಿ ಬೆರಳು ಚುಚ್ಚಿದೆ. ರುಮಾನಾ ಬಿಸ್ಮಿಲ್ಲಾ ಅಂದಳು, ನಾನು ಮನೆದೇವರನ್ನು ನೆನೆದೆ. ಆವಲಪ್ಪನವರು ಫೋನು ಇಟ್ಟಿರಲೇ ಇಲ್ಲ, “ಎಷ್ಟಮ್ಮಾ, ಎಷ್ಟು?” ಎಂದು ಬ್ಯಾಗಿನೊಳಗಿಂದ ಕೂಗುತ್ತಿದ್ದರು. ಮಿಷನ್ನು ಐದರಿಂದ ಒಂದರವರೆಗೆ ಎಣಿಸಿತು. ನೂರ ಇಪ್ಪತ್ತೆಂಟು.

“ನೂರಾ ಇಪ್ಪತ್ತೆಂಟು!” ನಾನು ಕೂಗಿದ್ದಕ್ಕೆ ಕೆಳಗೆ ಗಿರಣಿಯವನು ಮಿಷನ್ನು ನಿಲ್ಲಿಸಿ ಮೇಲೆ ನೋಡಿದನಂತೆ. ರುಮಾನಾ ಅಮ್ಮಿಯನ್ನು ತಬ್ಬಿಕೊಂಡು ಕುಣಿದಳು. ಆಪಾ ಮಾತ್ರ “ಆಸ್ಪತ್ರೆಯವ್ರು ನಂಬ್ತಾರಾ?” ಎಂದರು.

“ಅವ್ರೂ ಚುಚ್ಚಿ ನೋಡ್ಲಿ. ಮಾವು ನಾನ್ ಮುಟ್ಟೋಕೆ ಬಿಡಲ್ಲ. ಬುರ್ಖಾ ಹಾಕ್ಕೊಳ್ಳಿ, ಆಟೋ ಕೆಳಗಡೆ ನಿಲ್ಸಿದೀನಿ.”

ಹೆಬ್ಬಾಳದ ಹತ್ತಿರದ ಕಣ್ಣಿನ ಆಸ್ಪತ್ರೆಗೆ ಹತ್ತು ಇಪ್ಪತ್ತಕ್ಕೆ ತಲುಪಿದೆವು. ಅಲ್ಲಿ ನೂರ ಮೂವತ್ತಮೂರು ಬಂತು. ಹನಿ ಬಿಟ್ಟರು, ಕೂರಿಸಿದರು. ಎರಡು ಸಲ ಎಬ್ಬಿಸಿ ಕಳಿಸಿದ್ದ ಅದೇ ಹಾಲ್‌ನಲ್ಲಿ ನರ್ಸು ಆಪಾ ಹೆಸರು ಕೂಗಿದಾಗ ಅವರು ಮನೆಗೆ ಹೋಗಲೆಂದೇ ಎದ್ದು ಹೊರಬಾಗಿಲ ಕಡೆ ತಿರುಗಿದರು. ಈ ಸಲ ಕೂಗಿದ್ದು ಒಳಗೆ ಕರೆಯಲು. ಗ್ರೂಪಿನಲ್ಲಿ ಆವಲಪ್ಪನವರ ಮೈಸೂರು ಪಾಕು ಒಂದರ ಹಿಂದೊಂದು ಹನ್ನೆರಡು ಬಂದು ಬಿದ್ದವು. ಅವತ್ತು ಅದು ಹಳಸಿದೆ ಎಂದು ನಾನು ಅನ್ನಲಿಲ್ಲ.

ಮರುದಿನ ಕಣ್ಣಿನ ಪಟ್ಟಿ ಬಿಚ್ಚುವುದು. ಮತ್ತೆ ರಜಾ ಹಾಕಿದೆ. ಆಪಾ ನನ್ನನ್ನು ಮೊದಲ ಸಲ ನೋಡುವುದಲ್ಲವೇ, ಇಸ್ತ್ರಿ ಮಾಡಿದ ಹಸಿರು ಸೀರೆ, ನಾನೇ ಹೊಲಿದ ಬ್ಲೌಸು, ಮಲ್ಲಿಗೆ, ಎಲ್ಲ ಆಯಿತು. ನರ್ಸು ಪಟ್ಟಿ ತೆಗೆದು ಕಣ್ಣು ಒರೆಸಿದಳು. ಆಪಾ ಎರಡು ಸಲ ರೆಪ್ಪೆ ಬಡಿದರು. ಮಗಳನ್ನು ನೋಡಿದರು, ನೋಡುತ್ತಲೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತೆ.

“ದ್ರೌಪದಮ್ಮ,” ಎಂದರು, “ಬೇಜಾರ್ ಮಾಡ್ಕೋಬೇಡಿ. ನಿಮ್ಮ ಎಡತೋಳಿನ ಅಂಚಲ್ಲಿ ಅರ್ಧ ಇಂಚು ಹೊಲಿಗೆ ಬಿಚ್ಚಿದೆ.”

ತೋಳು ತಿರುಗಿಸಿ ನೋಡಿದೆ. ಬಿಚ್ಚಿತ್ತು. ಹಸಿರಿನ ಮೇಲೆ ಹಸಿರು ದಾರ! ಹತ್ತೊಂಬತ್ತು ವರ್ಷದಲ್ಲಿ ಎದುರಿಗೆ ನಿಂತು ನನ್ನ ಹೊಲಿಗೆಯಲ್ಲಿ ತಪ್ಪು ತೋರಿಸಿದವರು ಯಾರೂ ಇರಲಿಲ್ಲ. ನಾನು ಅಲ್ಲೇ ಕುಕ್ಕರಿಸಿ ಅಳತೊಡಗಿದೆ. ನರ್ಸು ಪಾಪ, ಈ ಹೆಂಗಸಿಗೆ ಅವಮಾನವಾಯಿತೇನೋ ಎಂದುಕೊಂಡು ನೀರು ತಂದುಕೊಟ್ಟಳು.

“ಮನೆಗೆ ಹೋಗಿ ಹೊಲ್ಕೋಬೇಡಿ, ಹಾಗೇ ಇಟ್ಟಿರಿ” ಎಂದರು ಆಪಾ. “ಒಂದು ತಿಂಗಳಾದ್ಮೇಲೆ ಡಾಕ್ಟ್ರು ಸೂಜಿ ಹಿಡಿ ಅಂತಾರಲ್ಲ, ಮೊದ್ಲು ಈ ತೋಳು ಹೊಲೀತೀನಿ. ಆಮೇಲೆ ದುಪಟ್ಟಾ.”

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹಾಜರಿ ಹಾಕಿದೆ. ಏಳೂವರೆ ದಾಟಿ ಬಹಳ ಹೊತ್ತಾಗಿತ್ತು.

“ಕೆಲಸ: ರಜಾ.
ಮೈ: 141. ರಾತ್ರಿ ಖುಷಿಗೆ ಎರಡು ಹೋಳು ಮಾವು ತಿಂದೆ, ಮುಚ್ಚಿಡಲ್ಲ.
ಮನೆ: ನನ್ನ ತೋಳಿನ ಹೊಲಿಗೆ ಬಿಚ್ಚಿದೆ. ಆಪಾಗೆ ಕಾಣಿಸ್ತು.”