ನವಾಗಕ್ಕೆ ಗಾಳ ಯಾಕೆ?

"ಇದೂ ಒಂದು ಮೀನಾ? ನಮ್ಮ ಹಡಗಲ್ಲಿ ಇಂಥದನ್ನ ಬೆಕ್ಕಿಗೂ ಹಾಕ್ತಿರಲಿಲ್ಲ," ಎಂದ ಸವ್ವಾತಿ.

ಉಸ್ತೀನ್ಯಾ ತಲೆ ಎತ್ತಲಿಲ್ಲ. ಹೆಪ್ಪುಗಟ್ಟಿದ ಬಿಳಿ ಸಮುದ್ರದ ಮೇಲೆ, ತಾನೇ ಕೊರೆದ ತೂತಿನ ಪಕ್ಕ, ಜಾರುಬಂಡಿಯ ಮೇಲೆ ಕೂತು ದಾರ ಎಳೆದಳು. ಗೇಣುದ್ದದ ನವಾಗ ಮೀನೊಂದು ಮೇಲೆ ಬಂದು ಮಂಜಿನ ಮೇಲೆ ಬಿತ್ತು, ಎರಡು ಸಲ ಬಾಲ ಬಡಿಯಿತು, ಹಾಗೇ ಬಾಗಿ ಚಳಿಗೆ ಸೆಟೆದು ಕಟ್ಟಿಗೆಯಾಯಿತು.

"ನೀನು ರಜೆಗೆ ಬಂದಾಗೆಲ್ಲ ಈ ಮಾತು, ನಲವತ್ತು ವರ್ಷದಿಂದ ಕೇಳ್ತಿದೀನಿ. ನಿಮ್ಮ ಹಡಗಿನ ಬೆಕ್ಕೇನು ರಾಜಕುಮಾರಿನಾ?"

ದೂರದ ಸಮುದ್ರದಲ್ಲಿ ದೊಡ್ಡ ಕಾಡ್ ಮೀನು ಹಿಡಿದು ಹಿಡಿದು ಮುದುಕನಾದ ಸವ್ವಾತಿ, ಊರಿಗೆ ಮರಳಿದ ಮೇಲೆ ಮೂರು ಸಲ ಮದುವೆಯ ಮಾತೆತ್ತಿದ್ದ. ವಿಧವೆ ಉಸ್ತೀನ್ಯಾಗೂ ಮನೆಯಲ್ಲಿ ಇನ್ನೊಬ್ಬರ ಕೆಮ್ಮು ಕೇಳಿಸಲಿ ಎಂಬ ಆಸೆ ಇತ್ತು. ಆದರೆ ಯುದ್ಧದ ಚಳಿಗಾಲಗಳಲ್ಲಿ ಅವಳಮ್ಮ ಆರು ಮಕ್ಕಳನ್ನು ಬದುಕಿಸಿಕೊಂಡಿದ್ದು ಇದೇ ಮೀನಿನಿಂದ. ಇದನ್ನು ಹೀಗಳೆಯುವವನನ್ನು ತನ್ನ ಒಲೆಯ ಪಕ್ಕ ಹೇಗೆ ಕೂರಿಸುವುದು? "ನಾಳೆ ಮಂಜಿಗೆ ಬಾ. ನನ್ನ ಹಾಗೇ ಹಿಡಿದು ತೋರಿಸು. ಆಮೇಲೆ ಹೇಳ್ತೀನಿ," ಎಂದಿದ್ದಳು.

ಅವನೀಗ ಡಬ್ಬಿ ತೆರೆದ. ಒಳಗೆ ಸಾಲು ಸಾಲು ಹೊಳೆಯುವ ಗಾಳಗಳು.

"ಏನಿದು, ಒಡವೆ ಅಂಗಡಿ ಇಡ್ತೀಯಾ?"

"ಗಾಳ ಕಣೇ! ನಿನ್ನ ಹಾಗೆ ಬರೀ ದಾರಕ್ಕೆ ಹೆರಿಂಗ್ ಮೀನಿನ ಚೂರು ಕಟ್ಟಿ ಇಳಿಬಿಡೋದು ಹೆಂಗಸರ ಆಟ."

"ಹೌದಪ್ಪ ಗಂಡಸೇ, ಆಡಿ ತೋರಿಸು."

ಹಸಿದ ನವಾಗ ಗಾಳವನ್ನು ಗಂಟಲವರೆಗೂ ನುಂಗಿತು. ಬಿಡಿಸಲು ಸವ್ವಾತಿ ಕೈಗವಸು ಕಳಚಬೇಕಾಯಿತು. ಮೊದಲ ಮೀನಿಗೆ ಬೆರಳು ಕೆಂಪಾದವು, ಎರಡನೆಯದಕ್ಕೆ ನೀಲಿ. ಮೂರನೆಯದರ ಹೊತ್ತಿಗೆ ಗಾಳ ಮೀನನ್ನು ಬಿಟ್ಟು ಅವನ ಕೋಟಿನ ತೋಳಿಗೇ ಸಿಕ್ಕಿಕೊಂಡಿತು. ಅಷ್ಟರಲ್ಲಿ ಉಸ್ತೀನ್ಯಾಳ ಕಾಲ ಬಳಿ ರಾಶಿ ಬಿದ್ದಿತ್ತು.

"ಭಾರೀ ಮೀನು ಹಿಡಿದೆ ಮಾರಾಯ! ಕೋಟು ಸಮೇತ ಇದೆ. ತೂಗಿ ನೋಡ್ಲಾ?"

ಅವನು ಕೆಮ್ಮಿದ, ಉಗುಳಿದ, ದಿಗಂತ ನೋಡಿದ. ಎದ್ದು ಹೋಗುತ್ತಾನೆಂದುಕೊಂಡಳು, ನಾಲಿಗೆ ಇಷ್ಟು ಉದ್ದ ಬಿಡಬಾರದಿತ್ತೇನೋ ಎಂದೂ ಅನಿಸಿತು. ಅವನು ಹೋಗಲಿಲ್ಲ. ಚೂರಿ ತೆಗೆದು ಗಾಳ ಕತ್ತರಿಸಿ ಎಸೆದ. ಕೈಗವಸಿನಿಂದ ಒಂದೆಳೆ ಉಣ್ಣೆ ಕಿತ್ತು, ಅವಳ ಹೆರಿಂಗ್ ಚೂರೊಂದನ್ನು ದಾರಕ್ಕೆ ಸುತ್ತಿ ಕಟ್ಟಿದ. ಮೀನು ಕಚ್ಚಿತು. ಹಳೇ ಅಭ್ಯಾಸ, ಜಗ್ಗಿಬಿಟ್ಟ; ಮೀನು ಬಾಯಿ ಬಿಟ್ಟು ಜಾರಿಹೋಯಿತು.

"ಲಂಗರು ಎತ್ತುತಾ ಇದೀಯೇನೋ! ಮೆತ್ತಗೆ ಎಳಿ. ಬಿಡು ಅಂತ ನೀನೇ ಹೇಳ್ಕೊಡಬೇಡ, ಕಚ್ಚಿದ್ದನ್ನ ಅದಾಗಿ ಅದು ಬಿಡಲ್ಲ."

"ನಮ್ಮಮ್ಮನೂ ಹಿಂಗೇ ಬೈತಿದ್ಳು."

"ಮತ್ತೆ? ಆವಾಗ ಕಿವಿ ಎಲ್ಲಿಟ್ಟಿದ್ದೆ?"

"ಹಡಗಲ್ಲಿ," ಎಂದ ಅವನು, ಮೆಲ್ಲಗೆ.

ಮತ್ತೆ ದಾರ ಅಲುಗಿತು. ಈ ಸಲ ಅವನು ಉಸಿರು ಹಿಡಿದು, ಒಂದೇ ಹದದಲ್ಲಿ ಎಳೆದ. ನವಾಗ ಮೇಲೆ ಬಂದು, ಗಾಳಿಯಲ್ಲಿ ಚೂರನ್ನು ಬಿಟ್ಟು, ಉಸ್ತೀನ್ಯಾಳ ರಾಶಿಯ ಮೇಲೇ ಬಿತ್ತು.

"ಅದು ನಂದು," ಎಂದ ಸವ್ವಾತಿ.

"ಬೆಕ್ಕಿಗೂ ಹಾಕಲ್ಲ ಅಂದಿದ್ದು ಯಾರು?"

ಉಸ್ತೀನ್ಯಾ ಅವನ ಮೀನನ್ನು ಬೇರ್ಪಡಿಸಲಿಲ್ಲ. ಜಾರುಬಂಡಿಯ ಮೇಲೆ ಒಂದು ಗೇಣು ಆಚೆ ಸರಿದು, ಖಾಲಿಯಾದ ಜಾಗದ ಮಂಜನ್ನು ಕೈಗವಸಿನಿಂದ ಒರೆಸಿದಳು.