ಹೊಳೆಯುವ ಮೀನು, ಪುಟಾಣಿ ಹಿಟ್ಟು

ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ದೇವೇಂದ್ರಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಔಷಧ ಶುರುಮಾಡೋಣ ಎಂದು ಹುಬ್ಬಳ್ಳಿಯ ಡಾಕ್ಟರು ಕರೆದರೂ ಲಕ್ಷ್ಮೇಶ್ವರದ ಕಾಳಿನ ಅಂಗಡಿ ಬಿಟ್ಟು ಏಳಲಿಲ್ಲ. ಗದಗಿನ ಪ್ರಯೋಗಾಲಯದಲ್ಲಿ ಅದೇ ರೋಗದ ಬೆನ್ನುಹತ್ತಿದ್ದ ಅಣ್ಣನ ಮಗಳು ಶಾಂಭವಿಗೆ ರೋಗಕ್ಕಿಂತ ಆ ಮೌನದ್ದೇ ಭಯ. ನನ್ನ ಮೀನನ್ನಾದರೂ ನೋಡಲು ಬನ್ನಿ ಎಂದಳು. ಅದಕ್ಕೆ ಮಾತ್ರ ಬಂದ.

ಬೆರಳಗೆಣ್ಣಿನಷ್ಟುದ್ದದ ಪಟ್ಟೆಪಟ್ಟೆ ಮೀನುಗಳು. ಮೊಟ್ಟೆಯಲ್ಲಿದ್ದಾಗಲೇ ಮನುಷ್ಯರ ರಕ್ತ ಕೆಡಿಸುವ ಜೀನನ್ನು ಸೇರಿಸಿ, ಕೆಟ್ಟ ರಕ್ತಕಣಗಳು ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುವಂತೆ ಮಾಡಿದ್ದರು. ಎಡಗಡೆ ತೊಟ್ಟಿಗೆ ಬರೀ ನೀರು, ಬಲಗಡೆಯದಕ್ಕೆ ಹೊಸ ಔಷಧ. ಎಡಗಡೆಯ ಒಂದು ಮೀನನ್ನು ಮಂಪರು ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಬೆನ್ನೆಲುಬಿನ ಕೆಳಗೆ ಹಸಿರು ಚುಕ್ಕೆಗಳು ಒತ್ತೊತ್ತಾಗಿ ಹೊಳೆಯುತ್ತಿದ್ದವು. ದೇವೇಂದ್ರಪ್ಪ ಬಹಳ ಹೊತ್ತು ಕಣ್ಣು ಎತ್ತಲಿಲ್ಲ.

"ನನ್ನೊಳಗೂ ಹಿಂಗ ಹೊಳೀತೈತೇನು?"

"ಇಲ್ರಿ ಕಾಕಾ. ಅದಕ್ಕ ಹುಡುಕಾಕ ಇಷ್ಟು ತ್ರಾಸು."

ಅವಳು ಒಳಕೋಣೆಗೆ ಹೋಗಿ ತೊಳೆದ ತಟ್ಟೆ ತಂದು, ಈಗ ಬಲಗಡೆಯ ಮೀನನ್ನಿಟ್ಟಳು. ಹೊಟ್ಟೆಯ ತುಂಬ ಹಸಿರು ಉರಿಯುತ್ತಿತ್ತು.

"ಔಷಧ ಹಾಕಿದ್ದ ಜಾಸ್ತಿ ಹೊಳೀತೈತಲ್ಲ ಯವ್ವಾ," ಎಂದು ದೇವೇಂದ್ರಪ್ಪ ಹಿಂದೆ ಸರಿದ. ಹೆಗಲ ಮೇಲಿನ ಟವೆಲ್ಲನ್ನು ಸುಮ್ಮನೆ ಮಡಿಸತೊಡಗಿದ. ಶಾಂಭವಿ ತೊಟ್ಟಿಗಳತ್ತ ತಿರುಗಿದಳು. ಬಲತೊಟ್ಟಿಯ ನೀರಿನ ಮೇಲೆ ತೇಲುತ್ತಿದ್ದ ಪುಡಿ ಕಂಡಿತು. ಕಾಕಾನ ಬೆರಳಿಗೂ ಅದೇ ಪುಡಿ: ಪ್ರತಿ ಸೋಮವಾರ ಅವನು ಗುಡಿಯ ಬಾವಿಯ ಮೀನಿಗೆ ಹಾಕುವ, ಹುರಿಗಡಲೆ ಬೀಸಿದ ಪುಟಾಣಿ ಹಿಟ್ಟು.

"ಮೀನ ಬಾಯಿ ತಗದ ನಿಂತಿದ್ವು. ಬರಿಗೈಲೆ ಹ್ಯಾಂಗ ಬಿಡ್ಲಿ?"

ಅವಳಿಗೆ ನಗು ಬಂತು. ಹಿಟ್ಟೂ ಈ ಬೆಳಕಿನಲ್ಲಿ ಹೊಳೆಯುತ್ತದೆ, ಅದಕ್ಕೇ ಇವನ್ನು ನಿನ್ನೆಯಿಂದ ಉಪವಾಸ ಇಟ್ಟಿದ್ದೆ. ಹೊಟ್ಟೆ ಖಾಲಿಯಾಗದೆ ನಿಜ ಕಾಣುವುದಿಲ್ಲ ಎಂದಳು. ಲಕ್ಷ್ಮೇಶ್ವರದ ಬಸ್ಸು ಬಿಟ್ಟು ದೇವೇಂದ್ರಪ್ಪ ಆ ದಿನ ಗದಗಿನಲ್ಲೇ ಉಳಿದ. ಕಿಸೆಯ ಪೊಟ್ಟಣವನ್ನು ತಾನಾಗಿಯೇ ಅವಳ ಕೈಗೆ ಕೊಟ್ಟ.

ಮರುದಿನ ಅದೇ ಮೀನು. ಹೊಟ್ಟೆ ಕತ್ತಲಾಗಿತ್ತು. ಬೆನ್ನೆಲುಬಿನ ಕೆಳಗೆ ಮಾತ್ರ ಹಸಿರು ಚುಕ್ಕೆಗಳು, ಎಡತೊಟ್ಟಿಯ ಮೀನಿಗಿಂತ ಎಷ್ಟೋ ಕಡಿಮೆ.

"ಪೂರಾ ಹೋಗಿಲ್ಲ," ಎಂದ.

ಸುಳ್ಳು ಹೇಳುವುದು ಸುಲಭವಿತ್ತು. "ಹೋಗಿಲ್ರಿ ಕಾಕಾ. ಮತ್ತ ಇದು ಮೀನಿನ ಔಷಧ, ನಿಮ್ದು ಬ್ಯಾರೆ."

ದೇವೇಂದ್ರಪ್ಪ ಮತ್ತೊಮ್ಮೆ ಬಗ್ಗಿ ನೋಡಿದ. ಈ ಸಲದ ಮೌನ ಬೇರೆ ಥರದ್ದೆಂದು ಶಾಂಭವಿಗೆ ಅನ್ನಿಸಿತು. ಅಂಗಡಿಯಲ್ಲಿ ಅಂಗೈ ಮೇಲೆ ಕಾಳು ಹರವಿಕೊಂಡು ಹುಳುಕು ಹುಡುಕುವಾಗ ಸುಮ್ಮನಿರುತ್ತಿದ್ದನಲ್ಲ, ಅಂಥದ್ದು.

"ರಕ್ತ ತಪಾಸಣಿಗೆ ಏನೂ ತಿನ್ನದ ಬಾ ಅಂದಿದ್ರು ಹುಬ್ಬಳ್ಳಿ ಡಾಕ್ಟರು. ನಾ ಬೇಕಂತಲೇ ಗಿರಮಿಟ್ಟ ತಿಂದು, ಆಗಂಗಿಲ್ಲಂತ ಅಂಗಡ್ಯಾಗ ಕುಂತೆ." ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. "ನಾಳೆ ಹೊಟ್ಟಿ ಖಾಲಿ ಇಟ್ಕೊಂಡ ಹುಬ್ಬಳ್ಳಿಗೆ ಹೊಕ್ಕೇನಿ. ನಿಂದು ನೋಡೂದು ಮುಗದ್ಮ್ಯಾಲ ಇವಕ್ಕ ಹಿಟ್ಟ ಹಾಕು, ಮರೀಬ್ಯಾಡ."