ವ್ಯಾನು ಹತ್ತದ ಮಗಳು

ರೋಗಿಯ ವಿಷಯ ಡಾಕ್ಟರಮ್ಮನ ಬಾಯಿಂದ ಆಚೆ ಬರುವುದಿಲ್ಲ ಎಂದು ಬೀದಿಗೆಲ್ಲ ಹೆಸರು. ಆಕೆಗೂ ಅದರ ಬಗ್ಗೆ ಒಳಗೊಳಗೇ ಜಂಬ. ಶಾಲೆ ವ್ಯಾನಿನ ಡ್ರೈವರ್ ತನಗೆ ಫಿಟ್ಸ್ ಬರುತ್ತಿದೆ ಎಂದು ಬಾಗಿಲು ಹಾಕಿಸಿಕೊಂಡು ಹೇಳಿದಾಗಲೂ ಆಕೆ ಯಾರೆದುರೂ ತುಟಿ ಬಿಚ್ಚಲಿಲ್ಲ.

"ಇನ್ಮೇಲೆ ಸ್ಟೇರಿಂಗ್ ಮುಟ್ಟಬೇಡಪ್ಪ," ಎಂದಿದ್ದಳು.

"ಬೇರೆ ಕೆಲಸ ಸಿಗೋವರೆಗೂ ದಮ್ಮಯ್ಯ, ಯಾರಿಗೂ ಹೇಳ್ಬೇಡಿ," ಎಂದು ಅವನು ಗೋಗರೆದಿದ್ದ.

ಸಾರಿಗೆ ಕಚೇರಿಗೆ ತಿಳಿಸಬಹುದಿತ್ತು, ತಿಳಿಸಲಿಲ್ಲ. ಮರುದಿನದಿಂದ ತನ್ನ ಮಗಳನ್ನು ಮಾತ್ರ ಆ ವ್ಯಾನಿಗೆ ಹತ್ತಿಸುವುದು ಬಿಟ್ಟಳು. ಧರ್ಮಸೂಕ್ಷ್ಮ ಅಂದರೆ ಇದೇ ಇರಬೇಕು!

ಪಕ್ಕದ ಮನೆಯಾಕೆ ಅಷ್ಟೇನೂ ದಡ್ಡಿಯಲ್ಲ. ಒಂದು ಬೆಳಿಗ್ಗೆ ಮಗ ವ್ಯಾನು ಹತ್ತಿದ ಮೇಲೆ, ವ್ಯಾನು ಹೊರಡುವ ಮೊದಲೇ ನೇರ ಬಂದು, ಮಗಳ ಕೈ ಹಿಡಿದು ನಡೆದು ಹೊರಟಿದ್ದ ಡಾಕ್ಟರಮ್ಮನ ದಾರಿಗಡ್ಡ ನಿಂತಳು.

"ಏನ್ರೀ, ಮಗಳನ್ನ ಯಾಕೆ ನಡೆಸ್ಕೊಂಡು ಹೋಗ್ತಿದ್ದೀರಿ?"

"ನಡೆದ್ರೆ ಆರೋಗ್ಯಕ್ಕೆ ಒಳ್ಳೇದಲ್ವಾ?" ಸುಳ್ಳು ಎಷ್ಟು ಸಲೀಸಾಗಿ ಬಂತು!

"ನನ್ನ ಕಿವಿ ಮೇಲೆ ಹೂ ಇಡ್ಬೇಡಿ. ಬಿಸಿಲಲ್ಲಿ ಅವಳು ಅಳ್ತಾ ಹೋಗೋದನ್ನ ನೋಡಿದ್ದೀನಿ. ಆ ವ್ಯಾನಲ್ಲಿ ಏನಿದೆ ಹೇಳಿ."

"ಏನೂ ಇಲ್ಲಪ್ಪ."

"ಹಾಗಿದ್ರೆ ಇವತ್ತೊಂದಿನ ಹತ್ತಿಸಿ. ನನ್ನ ಮಗನ ಪಕ್ಕದಲ್ಲೇ ಕೂರ್ಲಿ."

ಹುಡುಗಿಗೆ ಅಷ್ಟೇ ಸಾಕಾಗಿತ್ತು, ವ್ಯಾನಿನ ಕಡೆ ಓಡಿದಳು. ಡಾಕ್ಟರಮ್ಮ ರಟ್ಟೆ ಹಿಡಿದು ಎಳೆದ ರಭಸಕ್ಕೆ ಹುಡುಗಿ ಚೀರಿಕೊಂಡಳು.

ಡ್ರೈವರ್ ಎಂಜಿನ್ ನಿಲ್ಲಿಸಿ ಕೆಳಗಿಳಿದ. ಮುಖ ಕೆಂಡವಾಗಿತ್ತು.

"ಬಾಯಿ ಬಿಟ್ಟಿಲ್ಲ ಅಂತ ಇನ್ನು ಕೊಚ್ಕೋಬೇಡಿ ಡಾಕ್ಟ್ರೇ. ಇದಕ್ಕಿಂತ ಡಂಗುರ ಬೇಕಾ?" ಪಕ್ಕದ ಮನೆಯಾಕೆಯತ್ತ ತಿರುಗಿದ. "ನಂಗೆ ಫಿಟ್ಸ್ ಇದೆ ಅಕ್ಕಾ. ಇವರಿಗೆ ಮೊದ್ಲೇ ಗೊತ್ತು."

ಆಕೆ ವ್ಯಾನಿನ ಬಾಗಿಲು ತೆಗೆದು ತನ್ನ ಮಗನನ್ನೂ ಉಳಿದ ಮಕ್ಕಳನ್ನೂ ದಡದಡನೆ ಇಳಿಸಿದಳು. ಆಮೇಲೆ ಡಾಕ್ಟರಮ್ಮನ ಹತ್ತಿರ ಬಂದಳು.

"ಇವನು ಪಾಪಿ, ಹೊಟ್ಟೆಪಾಡಿಗೆ ಮುಚ್ಚಿಟ್ಟ. ನೀವು?"

"ರೋಗಿ ಗುಟ್ಟು ನಾವು ಹೇಳೋ ಹಾಗಿಲ್ಲ..."

"ಹೇಳೋ ಹಾಗಿಲ್ಲ ಅಂದ್ರೆ ನಿಮ್ಮ ಮಗಳನ್ನೂ ಇದ್ರಲ್ಲೇ ಕಳಿಸ್ಬೇಕಿತ್ತು. ಕಳಿಸೋಕೆ ಜೀವ ಒಪ್ಪಲಿಲ್ಲ ಅಂದ್ರೆ ಅವತ್ತೇ ಇವನ ಕೈಯಿಂದ ಕೀ ಕಿತ್ಕೊಳ್ಳೋ ಹಾಗೆ ಮಾಡ್ಬೇಕಿತ್ತು. ಥೂ, ನಿಮ್ಮ ಮುಖ ನೋಡೋಕೂ ಅಸಹ್ಯ ಆಗುತ್ತೆ."

ಮಗಳು ಅಮ್ಮನ ಹಿಡಿತದಿಂದ ಕೈ ಬಿಡಿಸಿಕೊಂಡು, ಬೀದಿಯಲ್ಲಿ ಗುಂಪಾಗಿ ನಿಂತಿದ್ದ ಮಕ್ಕಳನ್ನು ನೋಡುತ್ತ ಕೇಳಿದಳು:

"ಅವರೆಲ್ಲ ಇದ್ರಲ್ಲಿ ಹೋದ್ರೆ ಪರ್ವಾಗಿರ್ಲಿಲ್ವಾ ಅಮ್ಮಾ?"